ಹಳೇ ಗಂಟೆ, ಹೊಸ ಗಂಟೆ

ಖೆನಿಫ್ರಾದಲ್ಲಿ ನಾನು ಟಿಕೆಟ್ ಕೊಡುವ ಬಸ್ ಆಫೀಸಿನ ಕಂಪ್ಯೂಟರು ಹದಿನಾಲ್ಕು ತಿಂಗಳಿಂದ ಅಪ್‌ಡೇಟ್ ಬೇಡುತ್ತಿತ್ತು. ಯಜಮಾನರಾದ ಸೀ ಲಹ್ಸೆನ್ ಅವರದು ಒಂದೇ ಉತ್ತರ: "ಓಡೋ ಯಂತ್ರ ಅದು. ಸುಮ್ಮನಿರಲಾರದೆ ಇರುವೆ ಬಿಟ್ಕೋಬೇಡ ಕಣಮ್ಮಾ, ವಿಸಾಲ್." ಅಪ್‌ಡೇಟ್ ಮಾಡದೇ ಬಿಟ್ಟ ಪಕ್ಕದ ಊರಿನ ಮರದ ಮಂಡಿಯವರ ಕಂಪ್ಯೂಟರ್ ಕಡತಗಳಿಗೆಲ್ಲ ಕಳ್ಳರು ಎಲ್ಲೋ ಕೂತು ಬೀಗ ಜಡಿದು ಹಣ ಕೇಳಿದ ಕಥೆ ಹೇಳಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಣವಾ ಎಂದೂ ಕೇಳಿದೆ. ಮೂರನೇ ಲೋಟ ಪುದೀನ ಚಹಾ ಮುಗಿಯುವಾಗ ಒಪ್ಪಿದರು: ಶನಿವಾರ ಸಂಜೆ, ಕಡೇ ಬಸ್ಸು ಹೋದ ಮೇಲೆ. ಏನಾದರೂ ಎಡವಟ್ಟಾದರೆ ಮಾತ್ರ ನಾನು ಇನ್ನು ಆ ಯಂತ್ರ ಮುಟ್ಟುವ ಹಾಗಿಲ್ಲ.

ಅದು ರಂಜಾನಿನ ಹಿಂದಿನ ಶನಿವಾರ. ಉಪವಾಸದ ತಿಂಗಳಿಗೆಂದು ನಮ್ಮಲ್ಲಿ ದೇಶದ ಗಡಿಯಾರವೇ ಆ ರಾತ್ರಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ಗಂಟೆ ಎಷ್ಟೆಂದು ಕೇಳಿದರೆ "ಹಳೇದೋ, ಹೊಸದೋ?" ಎಂಬ ಮರುಪ್ರಶ್ನೆಯೇ ಉತ್ತರ. ಕಂಪ್ಯೂಟರಿನ ಗಂಟೆಯೇ ಗೋಡೆಯ ಬೋರ್ಡಿನಲ್ಲಿ ಬರುತ್ತದೆ, ಬೋರ್ಡು ನೋಡಿಯೇ ಬಸ್ಸು ಹೊರಡಬೇಕು. ಅದನ್ನು ಪ್ರತಿವರ್ಷ ಸೀ ಲಹ್ಸೆನ್ ನಸುಕಿನಲ್ಲಿ ಬಂದು, ಬಿಸ್ಮಿಲ್ಲಾ ಹೇಳಿ, ಕೈಯಾರೆ ಹಿಂದಿಡುತ್ತಿದ್ದರು. ಅಪ್‌ಡೇಟ್ ಮುಗಿಸಿದಾಗಲೇ, ಇನ್ನು ಯಂತ್ರದ ಗಡಿಯಾರ ತಾನಾಗಿಯೇ ಹಿಂದೆ ಹೋಗುತ್ತದೆ ಎಂದು ನಾನು ಹೇಳಿದ್ದೆ. ತಲೆಯಾಡಿಸಿದ್ದರು. ತಲೆಯಾಡಿಸುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಭಾನುವಾರ ಬೆಳಿಗ್ಗೆ ನಾನು ಬಂದಾಗ ಮೆಕ್ನೆಸ್‌ಗೆ ಹೋಗುವ ಆರು ಗಂಟೆಯ ಬಸ್ಸು ಇನ್ನೂ ನಿಂತಿತ್ತು. ಒಳಗೆ ಸೀ ಲಹ್ಸೆನ್ ಅವರ ಮಗಳು ಘಿಜ್ಲಾನ್ ಪುಸ್ತಕದಲ್ಲಿ ಮುಳುಗಿದ್ದಳು. ಅವಳಿಗೆ ಅವತ್ತು ಶಿಕ್ಷಕಿ ಕೆಲಸದ ಪರೀಕ್ಷೆ. ಎರಡು ಸಲ ಕೈತಪ್ಪಿತ್ತು, ವಯಸ್ಸಿನ ಮಿತಿ ದಾಟುವುದರಿಂದ ಇದೇ ಕೊನೆ. ಒಂಬತ್ತಕ್ಕೆ ಪರೀಕ್ಷಾ ಕೇಂದ್ರದ ಬಾಗಿಲು ಹಾಕುತ್ತಾರೆ, ಮೆಕ್ನೆಸ್‌ಗೆ ದಾರಿ ಎರಡು ಗಂಟೆಯದು. ಬೋರ್ಡಿನಲ್ಲಿ ಐದು ನಲವತ್ತು. ಎಲ್ಲರ ಫೋನಿನಲ್ಲಿ ಆರು ನಲವತ್ತು. ಫೋನು ಇನ್ನೂ ಹಳೇ ಗಂಟೆಯಲ್ಲಿದೆ ಎಂದುಕೊಂಡು ಜನ ನೆಮ್ಮದಿಯಾಗಿ ಕೂತಿದ್ದರು. ಐದು ನಲವತ್ತಕ್ಕೆ ಇಷ್ಟು ಬೆಳಕೆಲ್ಲಿಂದ ಬರಬೇಕು? ಗಡಿಯಾರ ಒಂದಲ್ಲ, ಎರಡು ಸಲ ಹಿಂದೆ ಹೋಗಿತ್ತು.

"ಗಡಿಯಾರ ಮುಟ್ಟಿದ್ರಾ?" ಎಂದು ಸೀ ಲಹ್ಸೆನ್ ಅವರನ್ನು ಕೇಳಿದೆ. ಅವರು ಬೋರ್ಡು ನೋಡಿದರು, ಬಸ್ಸು ನೋಡಿದರು. ಮುಖ ಬಿಳಿಚಿಕೊಂಡಿತು. ಓಡಿಹೋಗಿ ಡ್ರೈವರ್ ಮೋಹಾನಿಗೆ ವಿಷಯ ಹೇಳಿ, ಈಗಲೇ ಹೊರಡು ಎಂದೆ. ಎಲ್ಲಾ ಇವಳ ಅಪ್‌ಡೇಟಿನ ಗ್ರಹಚಾರ ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಬೈದುಕೊಂಡೇ ಅವನು ಗಾಡಿ ತೆಗೆದ. ಉಳಿದ ಡ್ರೈವರುಗಳೂ ದನಿಗೂಡಿಸಿದರು. ಸೀ ಲಹ್ಸೆನ್ ಬೆನ್ನು ತಿರುಗಿಸಿ ಒಳಗೆ ನಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಗಡಿಯಾರ ಸರಿಮಾಡಿದೆ, ಟಿಕೆಟ್ ಕೊಡುತ್ತಾ ಕೂತೆ.

ಎರಡು ಗಂಟೆ ಕಾಲ ಸೀ ಲಹ್ಸೆನ್ ಫೋನು ಹಿಡಿದು ಕೂತಲ್ಲಿಂದ ಏಳಲಿಲ್ಲ. ಚಹಾ ತಂದಿಟ್ಟರೆ ತಣ್ಣಗಾಯಿತು. ಒಂಬತ್ತಕ್ಕೆ ನಾಲ್ಕು ನಿಮಿಷ ಇರುವಾಗ ಮಗಳ ಸಂದೇಶ ಬಂತು: ಒಳಗೆ ಬಿಟ್ಟರು, ಅಪ್ಪಾ. ಕಣ್ಣೊರೆಸಿಕೊಂಡರು. ಎದ್ದು ಸೀದಾ ಡ್ರೈವರುಗಳು ಗುಂಪುಗೂಡಿದ್ದ ಕಡೆ ನಡೆದರು.

"ಆ ಹುಡುಗೀನ ಬೈಬೇಡ್ರಪ್ಪಾ. ಯಂತ್ರ ಸರಿಯಾಗೇ ಇತ್ತು, ಕೆಡಿಸಿದ್ದು ನಾನು. ನನ್ನ ಕೈಯಾರೆ ಮಗಳ ಬದುಕು ಹಾಳ್ಮಾಡ್ತಿದ್ದೆ."

ಇಪ್ಪತ್ತೈದು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಯಾರೂ ಕೇಳಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಇಳಿದುಹೋಯಿತೋ ಗೊತ್ತಿಲ್ಲ. ಆಮೇಲೆ ನನ್ನ ಟಿಕೆಟ್ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಇನ್ನೂ ಅಪ್‌ಡೇಟ್ ಬಾಕಿ ಇದ್ರೆ ಇವತ್ತೇ ಹಾಕ್ಬಿಡು ಮಗಳೇ. ನನ್ನನ್ನ ಕೇಳ್ಬೇಡ."