ಕೊಂಡಮ್ಮನ ಅಂಗೈ

ಮಂಚೇನಹಳ್ಳಿಯಲ್ಲಿ ನಲ್ಲಪ್ಪಾಚಾರಿಯಂಥ ಬಡಗಿ ಇನ್ನೊಬ್ಬನಿರಲಿಲ್ಲ, ಅದನ್ನು ಒಪ್ಪಲೇಬೇಕು. ಆತನಷ್ಟು ಕೊಚ್ಚಿಕೊಳ್ಳುವವನೂ ಇನ್ನೊಬ್ಬನಿರಲಿಲ್ಲ, ಅದನ್ನೂ ಒಪ್ಪಬೇಕು. ಗಾಡಿ ಚಕ್ರ, ನೇಗಿಲು, ತೊಟ್ಟಿಲು ಎಲ್ಲ ಮಾಡುತ್ತಿದ್ದ. ಆದರೆ ಆತನ ಹೆಸರು ಚಿಕ್ಕಬಳ್ಳಾಪುರದವರೆಗೂ ಹೋಗಿದ್ದು ತುಪಾಕಿಯ, ಅಂದರೆ ಕೋವಿಯ, ಮರದ ಹಿಡಿಯಿಂದ. ಕಾಡುಹಂದಿಯಿಂದ ಕಡಲೆಕಾಯಿ ಹೊಲ ಕಾಯುವುದಕ್ಕೆ ಲೈಸೆನ್ಸು ಮಾಡಿಸಿಕೊಂಡ ರೈತರು, ತುಪಾಕಿಯ ಹಿಡಿ ಸೀಳಿತು ಅಂದರೆ ನೇರ ಆಚಾರಿಯ ಜಗಲಿಗೇ ಬರುತ್ತಿದ್ದರು. ಹಳೇ ಬಾಗೆ ಮರದ ತುಂಡಿನಲ್ಲಿ ಆತ ಭುಜಕ್ಕೆ ಒತ್ತುವ ಬುಡ, ಕೈಗೆ ಸಿಗುವ ಸಣ್ಣ ನಡು, ಕಬ್ಬಿಣದ ನಳಿಗೆ ಕೂರುವ ಕಾಲುವೆ ಎಲ್ಲವನ್ನೂ ಕಣ್ಣಳತೆಯಲ್ಲೇ ಕೆತ್ತಿಬಿಡುತ್ತಿದ್ದ.

ಆದರೆ ನೋಡಿದವರು ಮೊದಲು "ಆಹಾ" ಅನ್ನುತ್ತಿದ್ದದ್ದು ಕೆತ್ತನೆಗಲ್ಲ, ಹೊಳಪಿಗೆ. ಅಂಗಡಿಯ ವಾರ್ನಿಷ್ ಬಳಿದ ಥಳಥಳ ಅಲ್ಲ ಅದು. ಮರದ ಒಳಗಿಂದಲೇ ಬಂದಂಥ ಹೊಳಪು.

"ಅಂಗೈಯಲ್ಲಿ ತಿಕ್ಕಿದ್ದು ಸ್ವಾಮಿ, ಈ ಅಂಗೈಯಲ್ಲಿ!" ಅಂತ ಆಚಾರಿ ಬಲಗೈ ಎತ್ತಿ ತೋರಿಸುತ್ತಿದ್ದ.

ಸುಳ್ಳು. ಹಸೀ ಸುಳ್ಳು. ಉಳಿ ಬಾಚಿ ಹಿಡಿದು ಹಿಡಿದು ಆತನ ಅಂಗೈ ಜಡ್ಡುಗಟ್ಟಿ ಹೋಗಿ ಯಾವ ಕಾಲವಾಗಿತ್ತೋ. ಅದರಲ್ಲಿ ತಿಕ್ಕಿದರೆ ಮರದ ಮೇಲೆ ಗೀರು ಬೀಳುತ್ತಿತ್ತು. ಎಣ್ಣೆ ತಿಕ್ಕುತ್ತಿದ್ದವಳು ಸೊಸೆ ಕೊಂಡಮ್ಮ. ಅವಳ ಗಂಡ ಮರದ ಕೆಲಸ ಒಗ್ಗದೆ ಗೌರಿಬಿದನೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅತ್ತೆ ತೀರಿಕೊಂಡಿದ್ದರು. ಅಡುಗೆ ಮುಗಿಸಿ ಕೊಂಡಮ್ಮ ಹಿತ್ತಲಲ್ಲಿ ತುಪಾಕಿಯ ಹಿಡಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂರುತ್ತಿದ್ದಳು.

ಎಣ್ಣೆಯೂ ಅವಳದೇ. ಗಾಣದ ಹುಚ್ಚೆಳ್ಳೆಣ್ಣೆಯನ್ನು ತಟ್ಟೆಯಲ್ಲಿ ಹಾಕಿ, ಜೇನಿನಷ್ಟು ಮಂದವಾಗುವವರೆಗೂ ಬಿಸಿಲಿಗೆ ಇಡುತ್ತಿದ್ದಳು. ಅದರಲ್ಲಿ ನಾಲ್ಕೇ ನಾಲ್ಕು ತೊಟ್ಟು ಮರಕ್ಕೆ ಹಾಕಿ, ಅಂಗೈ ಕಾದು ಸುಡುವವರೆಗೂ ತಿಕ್ಕಬೇಕು. ಆ ಬಿಸಿಗೇ ಮರ ಎಣ್ಣೆ ಕುಡಿಯುವುದು. ಆಮೇಲೆ ಒರೆಸಿ, ಒಣಗುವವರೆಗೂ ಬಿಟ್ಟು, ಮತ್ತೆ ನಾಲ್ಕು ತೊಟ್ಟು. ಅವಸರ ಮಾಡಿದಿರೋ, ಮೇಲೆಲ್ಲ ಅಂಟು ಅಂಟು.

ಇಷ್ಟೆಲ್ಲ ಮಾಡುವವಳು ಒಳಗೆ, ಹೊಗಳಿಕೆ ತಿನ್ನುವವನು ಹೊರಗೆ. ಕೊಂಡಮ್ಮನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅವಳಿಗೆ ಸೀರೆ ಬೇಡ, ಒಡವೆ ಬೇಡ. ಹೊರಗಿನವರ ಎದುರಿಗೆ ಒಂದೇ ಒಂದು ಸಲ ಮಾವ "ಇದು ನನ್ನ ಸೊಸೆ ಕೈ ಕೆಲಸ" ಅನ್ನಬೇಕು. ಅಷ್ಟು ಸಾಕಿತ್ತು.

ಆ ವರ್ಷ ದಸರಾ ಹತ್ತಿರಕ್ಕೆ ಪಕ್ಕದ ಹಳ್ಳಿಯ ವೆಂಕಟರಾಯಪ್ಪ ಎಂಬ ಗೌಡರ ತುಪಾಕಿ ಬಂದಿತ್ತು. ಗಾಡಿ ಮಗುಚಿ ಹಿಡಿ ಮುರಿದಿತ್ತು. ಆಯುಧಪೂಜೆಗೆ ಚಿಂತಾಮಣಿಯಿಂದ ಅವರ ಬೀಗರು ಬರುವವರಿದ್ದರು. ಹೊಸ ಹಿಡಿಯ ತುಪಾಕಿ ಅಷ್ಟರೊಳಗೆ ಮನೆಯಲ್ಲಿರಬೇಕು ಅಂತ ಅವರ ಆಸೆ. ಹಬ್ಬದ ಹಿಂದಿನ ದಿನ ಗೌಡರೇ ಬಂದು ಜಗಲಿಯಲ್ಲಿ ಕೂತೇಬಿಟ್ಟರು.

ಕೊಂಡಮ್ಮ ಬಾಗಿಲ ಮರೆಯಿಂದ, "ಇನ್ನೂ ಬೆರಳಿಗೆ ಅಂಟ್ತಾ ಇದೆ ಮಾವ. ಹಬ್ಬ ಕಳೀಲಿ, ಆಮೇಲೆ ಕೊಡಿ" ಅಂದಳು.

"ಒಣಗಿದೆ ಸುಮ್ನಿರಮ್ಮ. ನನ್ನ ಕೈ ಕೆಲಸ ನನಗೆ ಗೊತ್ತಿಲ್ವಾ?" ಅಂದ ಆಚಾರಿ, ಗೌಡರ ಕಡೆ ನೋಡಿ ಮೀಸೆ ತಿರುವಿಕೊಂಡು ತುಪಾಕಿ ಕೊಟ್ಟು ಕಳಿಸಿದ. ಕೊಂಡಮ್ಮ ಅಡುಗೆಮನೆಗೆ ಹೋಗಿ ರಾಗಿಮುದ್ದೆ ತೊಳಸುವ ಕೋಲನ್ನು ಗೋಡೆಗೆ ಎಸೆದಳು. ಪಾಪ, ಕೋಲು ಏನು ತಪ್ಪು ಮಾಡಿತ್ತು.

ಮಾರನೇ ದಿನ ಬೆಳಿಗ್ಗೆಯೇ ಆಚಾರಿ ಮನೆಯಲ್ಲಿ ಪೂಜೆಯಾಯಿತು. ಉಳಿ, ಬಾಚಿ, ಗರಗಸ, ಕೊಡತಿ ಎಲ್ಲವನ್ನೂ ತೊಳೆದು ಜಗಲಿಯಲ್ಲಿ ಮಣೆಯ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದದ್ದಾಯಿತು. ಪೂಜೆಯಾದ ಆಯುಧವನ್ನು ವಿಜಯದಶಮಿಯವರೆಗೆ ಎತ್ತುವ ಹಾಗಿಲ್ಲ. ಅವಕ್ಕೂ ವರ್ಷಕ್ಕೊಂದು ದಿನ ರಜ.

ಮಂಗಳಾರತಿಯ ಕರ್ಪೂರ ಆರುವ ಮುಂಚೆಯೇ ವೆಂಕಟರಾಯಪ್ಪ ಬಂದರು. ಮುಖ ಕೆಂಡ. ತುಪಾಕಿಯನ್ನು ಜಗಲಿಯ ಮೇಲಿಟ್ಟು, "ಏಮಯ್ಯಾ ಆಚಾರಿ, ಏನಿದು?" ಅಂದರು.

ಆಗಿದ್ದು ಇಷ್ಟೇ. ಅವರ ತಾಯಿ ಚಿಕ್ಕವೆಂಕಟಮ್ಮ, ಹಬ್ಬದ ದಿನ ಎಲ್ಲ ಹೆಂಗಸರೂ ಮಾಡುವ ಹಾಗೆ, ತುಪಾಕಿಗೂ ಭಕ್ತಿಯಿಂದ ಅರಿಶಿನ ಕುಂಕುಮ ಇಟ್ಟಿದ್ದರು. ಒಣಗದ ಎಣ್ಣೆ ಎರಡನ್ನೂ ಕುಡಿದುಬಿಟ್ಟಿತ್ತು. ಗಾಬರಿಯಾಗಿ ಸೆರಗಿನಲ್ಲಿ ಒರೆಸಿದರು, ಅದು ಇನ್ನಷ್ಟು ಹರಡಿತು. ಹಿಡಿಯ ತುಂಬ ಕೆಂಪು ಹಳದಿ, ಅದರ ಮೇಲೆ ಸೀರೆಯ ನೂಲು.

"ಮಧ್ಯಾಹ್ನಕ್ಕೆ ಬೀಗರು ಬರ್ತಾರೆ. ಅಷ್ಟರೊಳಗೆ ಸರಿ ಮಾಡ್ಕೊಡು."

"ಇವತ್ತು ಉಳಿ ಮುಟ್ಟೋ ಹಾಗಿಲ್ಲ ಗೌಡ್ರೆ" ಅಂದ ಆಚಾರಿ ಮೆಲ್ಲಗೆ.

"ಉಳಿ ಯಾರಯ್ಯ ಕೇಳಿದ್ರು? ಅಂಗೈಯಲ್ಲಿ ತಿಕ್ಕಿದ್ದು ಅಂತ ಊರಿಗೆಲ್ಲ ಸಾರ್ತೀಯಲ್ಲ. ಅಂಗೈ ಇದೆ ತಾನೆ? ಕೂತ್ಕೊ, ತಿಕ್ಕು. ನಾನು ಇಲ್ಲೇ ಕೂತಿರ್ತೀನಿ."

ಅಯ್ಯೋ ದೇವರೇ! ಆಚಾರಿ ಎಣ್ಣೆ ತಟ್ಟೆ ತಂದು ಕೂತ. ಹಾಕಬೇಕಾದ ನಾಲ್ಕು ತೊಟ್ಟಿನ ಜಾಗದಲ್ಲಿ ಒಂದು ಬೊಗಸೆ ಸುರಿದ. ತಿಕ್ಕಿದ. ಜಡ್ಡುಗಟ್ಟಿದ ಕೈ ಮರದ ಮೇಲೆ ಸರಕ್ ಸರಕ್ ಅಂತ ಸದ್ದು ಮಾಡಿತು. ಕುಂಕುಮ ಹೋಗಲಿಲ್ಲ, ಗೀರು ಬಿತ್ತು. ಗೌಡರು ಹುಬ್ಬು ಗಂಟಿಕ್ಕಿ ಆ ಕೈಯನ್ನೇ ನೋಡುತ್ತಿದ್ದರು.

ಬಾಗಿಲ ಹಿಂದೆ ಕೊಂಡಮ್ಮನಿಗೆ ಒಂದು ಕ್ಷಣ ಖುಷಿಯಾಯಿತು. ಅನುಭವಿಸಲಿ ಅನ್ನಿಸಿತು. ಆಮೇಲೆ ಒಂದೊಂದು ಗೀರೂ ತನ್ನ ಮೈಮೇಲೇ ಬಿದ್ದ ಹಾಗೆ ಉರಿಯತೊಡಗಿತು. ಎಷ್ಟು ಚೆಂದದ ಮರ! ಓಡಿ ಹೋಗಿ ಕಿತ್ತುಕೊಳ್ಳೋಣ ಅನ್ನಿಸಿದರೂ ಹೊಸ್ತಿಲು ದಾಟಲಿಲ್ಲ. ಕರೆಯದೆ ಹೋಗುವುದಿಲ್ಲ ಅಂತ ಗಟ್ಟಿಯಾಗಿ ನಿಂತಳು.

ಆಚಾರಿಯ ಕೈ ನಿಂತಿತು.

"ಕೊಂಡಮ್ಮಾ, ಬಾಮ್ಮ ಇಲ್ಲಿ."

"ಯಾಕೆ ಮಾವ?"

"ಬಾ ಅಂದ್ರೆ ಬಾರಮ್ಮ."

"ಯಾಕೆ ಅಂತ ಹೇಳಿ ಮಾವ. ಒಲೆ ಮೇಲೆ ಬೇಳೆ ಇದೆ."

ಆಚಾರಿ ತಲೆ ತಗ್ಗಿಸಿ ಏನೋ ಗೊಣಗಿದ.

"ಕೇಳಿಸ್ಲಿಲ್ಲ" ಅಂದಳು ಕೊಂಡಮ್ಮ.

ಮುದುಕ ತಲೆ ಎತ್ತಿದ. ಕಿವಿ ಕೆಂಪಗಾಗಿತ್ತು. ಆದರೆ ದನಿ ಈ ಸಲ ಬೀದಿಯ ಆಚೆ ಮನೆಗೂ ಕೇಳುವ ಹಾಗಿತ್ತು. "ಗೌಡ್ರೆ, ಕೆತ್ತೋನು ನಾನು. ಈ ಹೊಳಪು ನನ್ನದಲ್ಲ. ಎಂದೂ ನನ್ನದಾಗಿರಲಿಲ್ಲ. ಇದು ನನ್ನ ಸೊಸೆ ಕೈ ಕೆಲಸ. ನಿನ್ನೆ ಕೊಡಬೇಡಿ ಅಂದ್ಲು, ನಾನೇ ಕೇಳ್ಲಿಲ್ಲ."

ಕೊಂಡಮ್ಮನಿಗೆ ಎದೆ ತುಂಬಿ ಬಂತು. ಆದರೆ ಅಳುತ್ತಾ ನಿಲ್ಲುವುದಕ್ಕೆ ಹೊತ್ತೆಲ್ಲಿತ್ತು? ಬೇಳೆಯನ್ನು ಇಳಿಸಿ, ಬಟ್ಟೆಯಲ್ಲಿ ಸೋಸಿದ ಒಲೆ ಬೂದಿ ಒಂದು ಹಿಡಿ ತಂದು, ಜಗಲಿಯಲ್ಲೇ, ಎಲ್ಲರ ಎದುರಿಗೇ ಕೂತಳು. ಸುರಿದ ಎಣ್ಣೆಯನ್ನು ಒರೆಸಿ ತೆಗೆದಳು. ಸೀಮೆಎಣ್ಣೆ ಬಟ್ಟೆಯಲ್ಲಿ ಅಂಟು ಬಿಡಿಸಿದಳು. ಬೂದಿಗೆ ಒಂದಿಷ್ಟು ಎಣ್ಣೆ ಕಲಸಿ, ಮರದ ಎಳೆ ಹೋದ ದಿಕ್ಕಿಗೇ ತಿಕ್ಕತೊಡಗಿದಳು. ಕೆಂಪು ಹೋಯಿತು, ಗೀರು ಹೋಯಿತು. ಹಳದಿ ಮಾತ್ರ ಮಬ್ಬಾಗಿ ಉಳಿಯಿತು.

"ಅದನ್ನ ಬಿಸಿಲು ತಿನ್ನುತ್ತೆ, ಯೋಚನೆ ಮಾಡ್ಬೇಡಿ" ಅಂದಳು. ಆಮೇಲೆ ಬರೀ ಅಂಗೈಯಲ್ಲಿ, ಎಣ್ಣೆಯನ್ನು ಮುಟ್ಟಿಸಿಯೂ ಮುಟ್ಟಿಸದಷ್ಟು ಹಚ್ಚಿ, ಕೈ ಕಾಯುವವರೆಗೂ ತಿಕ್ಕಿ, ಒಣಬಟ್ಟೆಯಲ್ಲಿ ಬೆರಳಿಗೆ ಅಂಟದ ಹಾಗೆ ಒರೆಸಿದಳು. ಬಾಗೆ ಮರದ ಕಂದು ಎಳೆಗಳು ಒಂದೊಂದಾಗಿ ಎದ್ದು ಬಂದವು. ಬೀದಿಯವರು ಗುಂಪುಗೂಡಿದ್ದರು.

ವೆಂಕಟರಾಯಪ್ಪ ತುಪಾಕಿಯನ್ನು ಭುಜಕ್ಕೆ ಒತ್ತಿ, ಇಳಿಸಿ, ಹಿಡಿಯನ್ನು ಸವರಿದರು. "ಬೀಗರು ಕೇಳಿದ್ರೆ ಏನು ಹೇಳ್ಲಿ ತಾಯಿ?"

"ಮಂಚೇನಹಳ್ಳಿ ಕೊಂಡಮ್ಮ ತಿಕ್ಕಿದ್ದು ಅಂತ ಹೇಳಿ" ಅಂದಳು ಅವಳು, ಒಂದಿಷ್ಟೂ ಸಂಕೋಚವಿಲ್ಲದೆ. "ಅರಿಶಿನ ಕುಂಕುಮ ನಳಿಗೆಗೆ ಇಡಿ ಅಂತ ನಿಮ್ಮ ತಾಯಿಗೂ ಹೇಳಿ."

ಅವರು ನಗುತ್ತಾ ಹೋದರು. ಕೊಂಡಮ್ಮ ಕೈ ತೊಳೆದುಕೊಂಡು ಒಳಗೆ ಹೊರಟಾಗ ಆಚಾರಿ ತಡೆದ. ಪೂಜೆಯ ತಟ್ಟೆ ಹಿಡಿದುಕೊಂಡಿದ್ದ.

"ಕೈ ಚಾಚಮ್ಮ."

ಆಯುಧಗಳಿದ್ದ ಮಣೆಯ ಪಕ್ಕದಲ್ಲಿ ಅವಳನ್ನು ಕೂರಿಸಿ, ಬಲ ಅಂಗೈಗೆ ಅರಿಶಿನ ಇಟ್ಟ, ಕುಂಕುಮ ಇಟ್ಟ, ಮೇಲೊಂದು ಚೆಂಡುಹೂವು ಇಟ್ಟ. "ಇದನ್ನ ಬಿಟ್ಟು ಪೂಜೆ ಮಾಡಿದ್ದೆ ಕಣಮ್ಮ. ಇಷ್ಟು ವರ್ಷವೂ ಬಿಟ್ಟಿದ್ದೆ" ಅಂದ.

"ಬೇಳೆ ಒಗ್ಗರಣೆಗೆ ಕಾಯ್ತಾ ಇದೆ ಮಾವ" ಅಂತ ಅವಳು ಏಳಹೋದಳು.

"ಕೂತ್ಕೊ! ಪೂಜೆ ಆದ ಆಯುಧ ನಾಳೆವರೆಗೂ ಎತ್ತೋ ಹಾಗಿಲ್ಲ. ಒಲೆ ನಾನು ನೋಡ್ಕೊಳ್ತೀನಿ."

ಪಕ್ಕದ ಮನೆಯ ಮಂಗಮ್ಮ ಹಾದುಹೋಗುವಾಗ ನೋಡುತ್ತಾಳೆ, ಕೊಂಡಮ್ಮ ಹಬ್ಬದ ದಿನ ಅಂಗೈ ಚಾಚಿಕೊಂಡು ರಾಣಿಯ ಹಾಗೆ ಜಗಲಿಯಲ್ಲಿ ಕೂತಿದ್ದಾಳೆ.

"ಏನೇ ಇದು? ಕೈಗೇನಾಯ್ತೇ?"

"ಪೂಜೆ ಆಯ್ತು ಕಣೇ" ಅಂದಳು ಕೊಂಡಮ್ಮ, ಕೈಯನ್ನು ಇನ್ನೂ ಸ್ವಲ್ಪ ಮುಂದೆ ಚಾಚಿ.

ಒಳಗಿಂದ ಹೊಗೆಯೂ ಕೆಮ್ಮೂ ಒಟ್ಟಿಗೆ ಬಂದವು. "ಕೊಂಡಮ್ಮಾ, ಸಾಸಿವೆ ಎಲ್ಲಿಟ್ಟಿದೀಯಮ್ಮಾ?"

"ಎರಡನೇ ಡಬ್ಬದಲ್ಲಿ ಮಾವ" ಅಂದಳು, ಕೂತಲ್ಲಿಂದ ಅಲುಗಾಡದೆ.