ಒದ್ದೆ ಕೂದಲು

ಇವತ್ತೂ ಒಳಗೆ ಹೋಗಲಿಲ್ಲವೇನೋ ಎಂದು ಅವಳು ತನ್ನೊಳಗೇ ಹೇಳಿಕೊಂಡಳು. ಬೆಕ್ಕಿನ ಹೆಗಲ ಮೇಲಿನ ಕೂದಲಿಗೆ ಬೆರಳು ತಾಗಿಸಿದರೆ ತಣ್ಣಗೆ ಒದ್ದೆ. ಮೂಗಿಗೆ ಹಿಡಿದರೆ ಗಾಯದ ಪಟ್ಟಿಯಂಥದೇ ಆ ಇನ್ಸುಲಿನ್ ವಾಸನೆ. ಸೂಜಿ ಚರ್ಮದ ಮಡಿಕೆಯ ಈ ಕಡೆ ಹೊಕ್ಕು ಆ ಕಡೆಯಿಂದ ಹೊರಬಂದಿತ್ತು. ಬೆಕ್ಕು ಮಾತ್ರ ತನಗೇನೂ ಸಂಬಂಧವಿಲ್ಲದವರ ಹಾಗೆ ಸಂಜೆಯ ತಟ್ಟೆ ನೆಕ್ಕುತ್ತಿತ್ತು.

"ಆಯ್ತೇನೇ?" ಹೊಲಿಗೆ ಯಂತ್ರ ನಿಲ್ಲಿಸಿ ದೊಡ್ಡಮ್ಮ ಒಳಗಿನಿಂದ ಕೂಗಿದಳು.

"ಆಯ್ತು ದೊಡ್ಡಮ್ಮ."

"ನೋವಾಯ್ತಾ ಸಾಹೇಬ್ರಿಗೆ?"

"ಇಲ್ಲ. ಗೊತ್ತೇ ಆಗ್ಲಿಲ್ಲ."

ಅದಂತೂ ನಿಜವೇ ಆಗಿತ್ತು.

ಬಟ್ಟಲುಗಟ್ಟಲೆ ನೀರು ಕುಡಿದು ಕಂಡಕಂಡಲ್ಲಿ ಒದ್ದೆ ಮಾಡುತ್ತಿದ್ದ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಪಶುವೈದ್ಯರು ಹೇಳಿದ ದಿನ ದೊಡ್ಡಮ್ಮ ನಕ್ಕುಬಿಟ್ಟಿದ್ದಳು. "ಕೂತು ತಿನ್ನೋ ದೊಡ್ಡ ಮನುಷ್ಯರಿಗೆ ಬರೋದು ಕಣೇ ಇದು. ಸುಮ್ನೆ ಇಟ್ನಾ ನಾನು ಸಾಹೇಬ್ರು ಅಂತ ಹೆಸರು?" ನಗು ಮುಗಿದ ಮೇಲೆ ನಡುಗುವ ತನ್ನ ಕೈಗಳನ್ನು ನೋಡಿಕೊಂಡಳು. ಬಟ್ಟೆಯಾದರೆ ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಹಾಗಾಗಿ ಎರಡು ಹೊತ್ತಿನ ಇಂಜೆಕ್ಷನ್, ಡಿಗ್ರಿ ಮುಗಿಸಿ ಇಲ್ಲಿಗೆ ಬಂದು ಕೂತಿದ್ದ ತಂಗಿಯ ಮಗಳ ಪಾಲಿಗೆ ಬಂತು.

ಮೊದಲ ಸಲ ತಪ್ಪಿದಾಗಲೇ ಹೇಳಿಬಿಡಬೇಕಿತ್ತು. ಔಷಧ ಹೋಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಮತ್ತೆ ಚುಚ್ಚಬೇಡಿ, ಮುಂದಿನ ಹೊತ್ತಿಗೆ ಕಾಯಿರಿ ಎಂದು ಡಾಕ್ಟರು ಎಚ್ಚರಿಸಿದ್ದರು. ಕಾದಳು. ಅಷ್ಟರಲ್ಲಿ ದೊಡ್ಡಮ್ಮ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಮ್ಮ ಹುಡುಗಿಗೆ ಬಾಯಿಲ್ಲ ಅಷ್ಟೇ, ಕೈ ನೋಡ್ಬೇಕು ನೀವು. ಬೆಕ್ಕಿಗೆ ಚುಚ್ಚಿದ್ದೇ ಗೊತ್ತಾಗಲ್ಲ!" ಅವಳನ್ನು ಯಾರೂ ಇನ್ನೊಬ್ಬರ ಮುಂದೆ ಹಾಗೆ ಹೊಗಳಿದ್ದೇ ಇಲ್ಲ. ಆ ಮಾತನ್ನು ದಿನಚರಿಯಲ್ಲಿ ಬರೆದಿಟ್ಟಳು. ಒದ್ದೆ ಕೂದಲಿನ ಸುದ್ದಿ ಬರೆಯಲಿಲ್ಲ. ಆಮೇಲೆ ನೋವಾದೀತೆಂದು ಹೆದರಿದಷ್ಟೂ ಸೂಜಿ ಜಾರಿತು. ಜಾರಿದಷ್ಟೂ "ಆಯ್ತು" ಎನ್ನುವುದು ಸಲೀಸಾಯಿತು.

ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಒಮ್ಮೆ ಔಷಧ ಏರಿಸಿದರು. ಆದರೂ ಸಾಹೇಬ್ರ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ಎಳೆದುಕೊಂಡಂತೆ ನಡೆಯುತ್ತಿತ್ತು. ತನ್ನ ಜಾಗವಾಗಿದ್ದ ಕಿಟಕಿ ಕಟ್ಟೆಗೆ ಹಾರಲಾರದೆ, ಕೆಳಗೆ ಕೂತು ಅದನ್ನೇ ನೋಡುತ್ತಿತ್ತು.

ಸೂಜಿ ಆಚೆ ಬಂದ ಆ ಸಂಜೆಯ ಮರುದಿನ ಬೆಳಿಗ್ಗೆ ಇಬ್ಬರೂ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದರು. ಆ ಹೊತ್ತಿನ ಊಟ ಹಾಕಿ ಕರೆತನ್ನಿ, ಇಂಜೆಕ್ಷನ್ ಇಲ್ಲೇ ಹಾಕೋಣ ಎಂದಿದ್ದರು ಡಾಕ್ಟರು. ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿ ತಲೆಯಾಡಿಸಿದರು.

"ಇಳಿದೇ ಇಲ್ವಲ್ಲ ಅಮ್ಮ. ತಪ್ಪದೆ ಹಾಕ್ತಿದ್ದೀರಾ?"

"ಒಂದು ಹೊತ್ತೂ ತಪ್ಪಿಲ್ಲ. ನಮ್ಮ ಹುಡುಗಿ ಗಡಿಯಾರ ನೋಡ್ಕೊಂಡು ಹಾಕ್ತಾಳೆ." ದೊಡ್ಡಮ್ಮ ಬುಟ್ಟಿಯ ಹಿಡಿಯನ್ನು ತಿರುಚುತ್ತ ದನಿ ತಗ್ಗಿಸಿದಳು. "ತಪ್ಪು ನಂದೇ ಡಾಕ್ಟ್ರೇ. ಟೀ ಕುಡಿಯೋವಾಗ ಕಾಲಿಗೆ ಸುತ್ಕೊಂಡು ಬರತ್ತೆ. ಮನಸ್ಸು ತಡೀದೆ ಬಿಸ್ಕತ್ತಿನ ಚೂರು ಕೊಟ್ಟಿದೀನಿ. ಈಗ ಬಿಟ್ಟಿದೀನಿ, ಆದ್ರೂ... ಮುದ್ದು ಮಾಡಿ ಮಾಡಿ ನಾನೇ ಕೊಲ್ತಾ ಇದೀನಲ್ಲ ಇದನ್ನ."

"ಒಂದು ಚೂರಿಗೆ ಇಷ್ಟೆಲ್ಲ ಆಗಲ್ಲ ಬಿಡಿ."

"ನೀವು ಸಮಾಧಾನಕ್ಕೆ ಹೇಳ್ತೀರಿ."

ದೊಡ್ಡಮ್ಮನ ಕಣ್ಣು ತುಂಬಿತ್ತು. ಹುಡುಗಿ ಗೋಡೆಗೆ ಅಂಟಿಸಿದ್ದ ನಾಯಿಯ ಹಲ್ಲುಗಳ ಚಿತ್ರವನ್ನು ನೋಡುತ್ತ ನಿಂತಳು.

"ಇಷ್ಟು ಔಷಧ ಇದಕ್ಕೆ ನಾಟ್ತಾ ಇಲ್ಲ. ಇನ್ನೂ ಏರಿಸಿಬಿಡೋಣ," ಎಂದು ಡಾಕ್ಟರು ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಸಿರಿಂಜಿಗೆ ಎಳೆದುಕೊಂಡರು. ಮನೆಯಲ್ಲಿ ತಾನು ಔಷಧ ತುಂಬುತ್ತಿದ್ದ ಗೆರೆಯನ್ನು ದಾಟಿ ದ್ರವ ಮೇಲೇರಿದ್ದನ್ನು ಅವಳು ಕಂಡಳು. ಹೆಚ್ಚಾದರೆ ಸಕ್ಕರೆ ಒಮ್ಮೆಲೇ ಕುಸಿದು ಬೆಕ್ಕು ತೂರಾಡುತ್ತದೆ, ಸೆಳೆತ ಬಂದು ಸತ್ತೂ ಹೋಗಬಹುದು ಎಂದು ಇದೇ ಮೇಜಿನೆದುರು ಅವರು ಹೇಳಿದ್ದರು. ಅವರ ಕೈ ನಡುಗುವ ಕೈಯಲ್ಲ. ಅವರ ಸೂಜಿ ಜಾರುವುದಿಲ್ಲ.

"ನಮ್ಮ ಹುಡುಗಿ ಹಾಕೋ ಹಾಗೇ ಹಾಕಿ ಡಾಕ್ಟ್ರೇ, ನೋವಾಗ್ದಂತೆ," ಎಂದಳು ದೊಡ್ಡಮ್ಮ.

ಡಾಕ್ಟರು ಚರ್ಮ ಎತ್ತಿ ಹಿಡಿದರು. ಹುಡುಗಿಯ ಅಂಗೈ ತಾನಾಗಿಯೇ ಹೋಗಿ ಬೆಕ್ಕಿನ ಹೆಗಲನ್ನು ಮುಚ್ಚಿತು. ಸೂಜಿ ಅವಳ ಬೆರಳಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಕೈಯ ಕೆಳಗೆ ಸಾಹೇಬ್ರ ಎಲುಬುಗಳು ಏರಿ ಇಳಿಯುತ್ತಿದ್ದವು.

"ಏನೇ ಇದು, ಕೈ ತೆಗಿಯೇ!"

"ಹಾಕ್ಬೇಡಿ." ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಬಿಸ್ಕತ್ತಿಂದ ಅಲ್ಲ ದೊಡ್ಡಮ್ಮ. ಔಷಧ ಒಳಗೆ ಹೋಗ್ತಾನೇ ಇರ್ಲಿಲ್ಲ, ಕೂದಲ ಮೇಲೆ ಚೆಲ್ತಿತ್ತು. ನಂಗೊತ್ತಿತ್ತು."