ತಲೆ ಕತ್ತರಿಸಿ ತಂದ ಮೀನು

ಮನೆಗೆ ಒಯ್ಯುವ ಮೀನಿನ ತಲೆಯನ್ನು ದೋಣಿಯಲ್ಲೇ ಕತ್ತರಿಸಿ ಸಮುದ್ರಕ್ಕೆ ಎಸೆಯುವುದು ದೋಣಿಯಣ್ಣನ ಮನೆತನದ ರೂಢಿ. ಅಡುಗೆಮನೆಯ ಹೆಂಗಸರಿಗೆ ಅಷ್ಟು ಕೆಲಸ ಕಡಿಮೆಯಾಗಲಿ ಎಂದು ಅವನಪ್ಪ ಶುರುಮಾಡಿದ್ದು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾದರೂ ಕತ್ತಿ ಹಿಡಿದಾಗಲೆಲ್ಲ ಅವನಿಗೆ ಆ ಕೈ ಕಣ್ಣಿಗೆ ಕಟ್ಟುತ್ತದೆ. ಎಂಥ ಕೈ ಅದು! ಅಪ್ಪ ಕಣ್ಣು ಮುಚ್ಚಿ ಬುಟ್ಟಿಗೆ ಕೈಹಾಕಿ ಮೀನಿನ ಹೆಸರು ಹೇಳುತ್ತಿದ್ದ. ದೋಣಿಯಣ್ಣ, ಅವನ ತಂಗಿ ಇಬ್ಬರೂ ಪಕ್ಕದಲ್ಲಿ ಕೂತು, ಒಂದು ಸಲವಾದರೂ ತಪ್ಪಲಿ ಎಂದು ಕಾಯುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ.

ಆ ಬೆಳಗ್ಗೆ ದೋಣಿಯಣ್ಣ ತಂದದ್ದು ಮೊಳದುದ್ದದ ದಪ್ಪ ಮೀನು, ಹೊಟ್ಟೆ ತುಂಬ ಮೊಟ್ಟೆ. ಏಳು ತಿಂಗಳ ಬಸುರಿ ಸೊಸೆ ಮೀನಿನ ಮೊಟ್ಟೆ ತಿನ್ನಬೇಕೆಂದು ಬಾಯಿಬಿಟ್ಟು ಕೇಳಿದ್ದಳು. ಬಾಣಲೆ ಕಾಯುತ್ತಿತ್ತು. ಅಷ್ಟರಲ್ಲಿ ಬಂದರಿನಲ್ಲಿ ಮೀನು ತೂಕ ಹಾಕುವ ತಂಗಿ ಬಂದಳು. ಮಣೆಯ ಮೇಲಿದ್ದ ಮೀನು ನೋಡಿದವಳೇ ಒಲೆ ಆರಿಸಿದಳು.

“ಅಣ್ಣಾ, ಇದ್ಯಾವ ಮೀನು?”

ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆ. ಮಾಂಸ ಬೆಳ್ಳಗಿದೆ, ಕೆಟ್ಟ ವಾಸನೆಯಿಲ್ಲ, ಚೆನ್ನಾಗಿ ಹುರಿದರೆ ಎಲ್ಲ ಸರಿಹೋಗುತ್ತದೆ ಎಂದು ತೇಲಿಸಿದ. ತಂಗಿ ಮೀನನ್ನು ಮಗುಚಿ ತೋರಿಸಿದಳು. ಮೈಮೇಲೆ ಒಂದು ಹುರುಪೆಯೂ ಇಲ್ಲ. ಬೆನ್ನ ತುಂಬ ಕಪ್ಪು ಚುಕ್ಕೆ. ಪಕ್ಕೆಯುದ್ದಕ್ಕೂ ಬಾಲದವರೆಗೆ ಬೆಳ್ಳಿಯ ಪಟ್ಟಿ. ಎಸೆದ ತಲೆಯಲ್ಲಿ ಹಲ್ಲು ಹೇಗಿತ್ತು ಎಂದು ಕೇಳಿದಳು. ಮೇಲೆರಡು, ಕೆಳಗೆರಡು, ಗಿಣಿಯ ಕೊಕ್ಕಿನ ಹಾಗೆ. ಬಲೆಯನ್ನೂ ಕಡಿದುಹಾಕಿತ್ತು, ಮೇಲೆತ್ತಿದಾಗ ಹೊಟ್ಟೆ ಚೆಂಡಿನಂತೆ ಊದಿತ್ತು ಎಂದು ಅವನೇ ನೆನಪಿಸಿಕೊಂಡ.

“ಇದು ಊದುಮೀನು ಕಣಣ್ಣ. ಮೊದ್ಲು ನಮ್ ಕಡೆ ಕಾಣ್ತಾನೇ ಇರ್ಲಿಲ್ಲ, ಈಗೀಗ ಬಲೆಗೆ ಬೀಳ್ತಿದೆ. ಮೊಟ್ಟೆ, ಲಿವರ್, ಚರ್ಮ, ಮಾಂಸ, ಎಲ್ಲದರಲ್ಲೂ ವಿಷ ಇರಬಹುದು. ತೊಳೆದ್ರೂ ಹೋಗಲ್ಲ, ಹುರಿದ್ರೂ ಹೋಗಲ್ಲ, ಒಣಗಿಸಿದ್ರೂ ಹೋಗಲ್ಲ.”

ತಿಂದರೆ ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತದೆ, ಕೈಕಾಲು ಸೋಲುತ್ತವೆ, ಆಮೇಲೆ ಉಸಿರೇ ನಿಲ್ಲಬಹುದು, ಆ ವಿಷ ಇಳಿಸುವ ಔಷಧಿಯಿಲ್ಲ ಎಂದು ಮೀನುಗಾರಿಕೆ ಇಲಾಖೆಯವರು ಬಂದರಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು.

ದೋಣಿಯಣ್ಣ ಜಗ್ಗಲಿಲ್ಲ. ಮೀನಿನ ಮರಿಗೆ ಈಜು ಕಲಿಸಲು ಬಂದಳು ಇವಳು ಎಂದು ಸೊಸೆಯ ಕಡೆ ತಿರುಗಿ ನಕ್ಕ. ತಂಗಿ ನಗಲಿಲ್ಲ.

“ಅಪ್ಪ ಇದ್ದಿದ್ರೆ ಇದಕ್ಕೆ ಏನಂತ ಹೆಸರು ಹೇಳ್ತಿದ್ರು, ಹೇಳು ನೋಡೋಣ?”

ಅವನು ಮೀನನ್ನು ಇನ್ನೊಮ್ಮೆ ಮಗುಚಿದ. ಇಂಥ ಮೀನು ಅಪ್ಪನ ಬುಟ್ಟಿಗೆ ಬಂದದ್ದೇ ಇಲ್ಲ. ಅಪ್ಪನ ಸಮುದ್ರದಲ್ಲಿ ಎಲ್ಲ ಮೀನೂ ಪರಿಚಯದವು. ಆ ಸಮುದ್ರ ಈಗಿಲ್ಲ. ಅದು ಹೊಳೆದಾಗ ಅಪ್ಪ ಇನ್ನೊಂದು ಸಲ ತೀರಿಕೊಂಡಷ್ಟು ಸಂಕಟವಾಯಿತು ಅವನಿಗೆ. ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಸೊಸೆಯನ್ನು ನೋಡಿದ.

“ನನ್ ಕೈಯಾರೆ ಇವಳಿಗೆ ಬಡಿಸ್ತಿದ್ನಲ್ಲೇ,” ಎಂದು ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡ.

ಮೀನನ್ನೂ ಮೊಟ್ಟೆಯನ್ನೂ ಚೀಲಕ್ಕೆ ಹಾಕಿ, ಬಿಗಿಯಾಗಿ ಕಟ್ಟಿ, ಇಲಾಖೆಗೆ ಒಪ್ಪಿಸಿದರು. ಮಣೆ, ಕತ್ತಿ, ಕೈ ಎಲ್ಲವನ್ನೂ ಉಜ್ಜಿ ತೊಳೆದರು. ಸಂಜೆ ದೋಣಿಯಣ್ಣ ತಾನೇ ಪಕ್ಕದ ದೋಣಿಗಳಿಗೆ ಹೋಗಿ, ತನ್ನ ಪೆದ್ದುತನವನ್ನು ಮುಚ್ಚಿಡದೆ ಹೇಳಿಬಂದ.

ಅಣ್ಣಂದಿರೇ, ಅಕ್ಕಂದಿರೇ, ಬಲೆಗೆ ಬಿದ್ದ ಮೀನನ್ನು ಕತ್ತರಿಸುವ ಮುಂಚೆ ಒಮ್ಮೆ ನೋಡಿ. ಗಿಣಿಕೊಕ್ಕಿನಂಥ ಹಲ್ಲು, ಹುರುಪೆಯಿಲ್ಲದ ಮೈ, ಬೆನ್ನಿನ ಚುಕ್ಕೆ, ಪಕ್ಕೆಯ ಬೆಳ್ಳಿಪಟ್ಟಿ ಕಂಡರೆ ತಿನ್ನಬೇಡಿ, ಮಾರಬೇಡಿ, ಬೆಕ್ಕಿಗೂ ಹಾಕಬೇಡಿ. ಫೋಟೋ ತೆಗೆದು ಇಲಾಖೆಗೆ ತಿಳಿಸಿ. ತಿಂದವರು ತುಟಿ ಜೋಮು ಎಂದರೆ ಆ ಗಳಿಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ, ಈ ಮೀನು ನನಗೆ ಗೊತ್ತಿಲ್ಲ ಎನ್ನಲು ನಾಚಬೇಡಿ.